ಬ್ಯಾಟರಿಯನ್ನು ಬೇಗ ತುಂಬಿಸುವ ವಿದ್ಯೆ
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಭವಿಷ್ಯನಿಧಿ, ಬೋನಸ್ಸು, ಖೋಲಿಯ ಬಾಡಿಗೆ ಇವುಗಳ ವಿಚಾರವನ್ನು ಈ ವೇದಿಕೆಯಿಂದ ಕೇಳಿ ಅಭ್ಯಾಸವಾದವರಿಗೆ ಇಂದಿನ ವಿಷಯ ಸ್ವಲ್ಪ ವಿಚಿತ್ರವಾಗಿ ಕಂಡೀತು. ಬ್ಯಾಟರಿಗೂ ಕಾರ್ಮಿಕ ಸಂಘಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, ಸಭಾಗೃಹದ ಮೆಟ್ಟಿಲ ಕೆಳಗೆ ನಿಂತಿರುವ ಸ್ಕೂಟರುಗಳನ್ನು ಒಮ್ಮೆ ನೋಡಿ ಬನ್ನಿ ಎನ್ನುತ್ತೇವೆ. ನಮ್ಮ ಹಿರಿಯರು ಊರು ಬಿಟ್ಟು ಮುಂಬಯಿಗೆ ಬಂದು ಫೋರ್ಟಿನಲ್ಲಿ, ಮಾಟುಂಗದಲ್ಲಿ ಹೋಟೆಲಿನ ಮೇಜುಗಳ ನಡುವೆ ಬಟ್ಟಲು ಹೊತ್ತು ನಡೆದರು. ಇಂದು ಅದೇ ತಿಂಡಿಯನ್ನು ಬೆನ್ನಿನ ಚೀಲದಲ್ಲಿಟ್ಟುಕೊಂಡು ಮನೆ ಮನೆಗೆ ಮುಟ್ಟಿಸುವ ಹುಡುಗರಿದ್ದಾರೆ. ಅವರಲ್ಲಿ ಅನೇಕರು ಏರಿ ಹೋಗುವುದು ಬ್ಯಾಟರಿಯ ಗಾಡಿಯನ್ನು. ಅವರಿಗೆ ತಿಂಗಳ ಸಂಬಳವಿಲ್ಲ. ಎಷ್ಟು ಖೇಪು ಹೊಡೆದರೋ ಅಷ್ಟು ದುಡ್ಡು. ಮಧ್ಯಾಹ್ನ ಮೂರಕ್ಕೆ ಬ್ಯಾಟರಿ ಬರಿದಾಗಿ ಅದನ್ನು ತುಂಬಿಸಲು ನಾಲ್ಕು ಗಂಟೆ ಬೇಕೆಂದಾದರೆ ಅರ್ಧ ದಿನದ ಗಳಿಕೆ ಹೋದಂತೆಯೇ. ಆದುದರಿಂದ ಬೇಗ ತುಂಬಬೇಕು ಎಂಬ ಆಸೆ ನ್ಯಾಯವಾದದ್ದು.

ಆ ಆಸೆಯ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2022ನೆಯ ಸೆಪ್ಟೆಂಬರಿನಲ್ಲಿ ವಸಯಿಯ ಒಂದು ಮನೆಯಲ್ಲಿ ಸ್ಕೂಟರಿನಿಂದ ಬಿಚ್ಚಿ ತಂದ ಬ್ಯಾಟರಿಯನ್ನು ರಾತ್ರಿ ಕೋಣೆಯೊಳಗೆ ಚಾರ್ಜಿಗೆ ಹಾಕಿದ್ದರು. ಬೆಳಗಿನ ಜಾವ ಅದು ಸಿಡಿಯಿತು. ಸುಟ್ಟ ಗಾಯಗಳಿಂದ ಕೆಲವು ದಿನಗಳ ತರುವಾಯ ಒಂದು ಮಗು ತೀರಿಕೊಂಡಿತು. ಆ ಮನೆಯವರು ಮಾಡಿದ್ದು ಏನು? ನಮ್ಮ ಚಾಳುಗಳಲ್ಲಿ ಪ್ರತಿ ರಾತ್ರಿ ನೂರಾರು ಜನ ಮಾಡುವುದನ್ನೇ. ಕೆಳಗೆ ಗಾಡಿ ನಿಲ್ಲಿಸಿದ ಕಡೆ ಪ್ಲಗ್ಗಿಲ್ಲ. ಬ್ಯಾಟರಿಯನ್ನು ಕೆಳಗೇ ಬಿಟ್ಟರೆ ಕಳ್ಳರ ಪಾಲು. ಹೊತ್ತು ಮೂರು ಮಹಡಿ ಹತ್ತಿ ತಂದು, ಹತ್ತಡಿ ಖೋಲಿಯಲ್ಲಿ ಮಲಗಿದವರ ತಲೆಯ ಬಳಿ ಚಾರ್ಜಿಗೆ ಇಡುವುದು.

ಹೀಗಾಗಿ ಇಂದು ಎರಡು ಮಾತುಗಳನ್ನು ಒಟ್ಟಿಗೆ ಆಡಬೇಕಾಗಿದೆ. ಬ್ಯಾಟರಿಯನ್ನು ಬೇಗ ತುಂಬಿಸಲು ಮನುಷ್ಯನು ಏನೇನು ಯುಕ್ತಿ ಹೂಡಿದ್ದಾನೆ ಎಂಬುದು ಒಂದು. ಆ ಯುಕ್ತಿಗಳಲ್ಲಿ ಎಷ್ಟು ನಮ್ಮ ಖೋಲಿಯವರೆಗೆ ಬಂದಿದೆ ಎಂಬುದು ಎರಡನೆಯದು.

ಮೊದಲು ಹಳೆಯ ಕಥೆ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಎರಡು ಸೀಸದ ತಗಡುಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದನು. ಅದಕ್ಕೆ ಹಿಂದಿನ ಬ್ಯಾಟರಿಗಳೆಲ್ಲ ಒಮ್ಮೆ ಖಾಲಿಯಾದರೆ ಮುಗಿಯಿತು. ಇದನ್ನಾದರೋ ತಿರುಗಿ ತಿರುಗಿ ತುಂಬಬಹುದಾಗಿತ್ತು. ಆದರೆ ಆ ತಗಡು ಹದಕ್ಕೆ ಬರಬೇಕಾದರೆ ಬಹಳ ಕಾಲ ವಿದ್ಯುತ್ತನ್ನು ಹಾಯಿಸುತ್ತಲೇ ಇರಬೇಕಾಗುತ್ತಿತ್ತು. 1881ರಲ್ಲಿ ಕಮೀಲ್ ಫೋರ್ ಎಂಬವನು ಸೀಸದ ಭಸ್ಮವನ್ನು ಹಿಟ್ಟಿನಂತೆ ಕಲಸಿ ತಗಡಿಗೆ ಮೆತ್ತಿದನು. ತಿಂಗಳುಗಳ ಕೆಲಸ ದಿನಗಳಿಗೆ ಇಳಿಯಿತು. ಲಾರಿಯಲ್ಲಿ, ಇನ್ವರ್ಟರಿನಲ್ಲಿ ಇಂದಿಗೂ ಇರುವ ಬ್ಯಾಟರಿ ಇದರ ಮರಿಮಗನೇ.

ಗ್ಯಾರೇಜುಗಳಲ್ಲಿ ಕೆಲಸ ಮಾಡಿದ ಬಂಧುಗಳಿಗೆ ಸೀಸದ ಬ್ಯಾಟರಿಯ ಸ್ವಭಾವ ಚೆನ್ನಾಗಿ ಗೊತ್ತು. ಮುಚ್ಚಳ ತೆಗೆದು ನೋಡಿದರೆ, ಚಾರ್ಜು ತುಂಬುತ್ತ ಬಂದಂತೆ ಒಳಗಿನ ನೀರು ಕುದಿದಂತೆ ಗುಳ್ಳೆ ಏಳುತ್ತದೆ. ಅದು ಕುದಿತವಲ್ಲ. ಒಂದೊಂದು ಕೋಶದ ವೋಲ್ಟೇಜು ಸುಮಾರು 2.4ನ್ನು ದಾಟಿದೊಡನೆ ಒಳಗೆ ಬರುವ ವಿದ್ಯುತ್ತಿಗೆ ಮಾಡಲು ಬೇರೆ ಕೆಲಸ ಸಾಲದೆ, ಅದು ನೀರನ್ನೇ ಸೀಳಿ ಜಲಜನಕ ಮತ್ತು ಆಮ್ಲಜನಕಗಳನ್ನಾಗಿ ಮಾಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಜಲಜನಕ ಸೇರಿದರೆ ಒಂದು ಕಿಡಿ ಸಾಕು. ಬೀಡಿ ಸೇದುತ್ತ ಬ್ಯಾಟರಿಯ ಮುಚ್ಚಳ ತೆಗೆಯಬಾರದೆಂದು ಹಳೆಯ ಮೇಸ್ತ್ರಿಗಳು ಬಯ್ಯುತ್ತಿದ್ದುದು ಸುಮ್ಮನೆ ಅಲ್ಲ.

ಈ ಗುಳ್ಳೆಯನ್ನು ತಪ್ಪಿಸಿ ಬೇಗ ತುಂಬಲು ಒಂದು ಹಳೆಯ ಸೂತ್ರವಿದೆ. ಬ್ಯಾಟರಿಯಲ್ಲಿ ಎಷ್ಟು ಆಂಪಿಯರ್-ಗಂಟೆ ಕಡಿಮೆಯಾಗಿದೆಯೋ, ಅದಕ್ಕಿಂತ ಹೆಚ್ಚು ಆಂಪಿಯರ್ ಪ್ರವಾಹವನ್ನು ಯಾವ ಕ್ಷಣದಲ್ಲಿಯೂ ಹರಿಸಬೇಡ. 60 ಆಂಪಿಯರ್-ಗಂಟೆ ಖಾಲಿಯಾಗಿದ್ದರೆ ಮೊದಲಿಗೆ 60 ಆಂಪಿಯರಿನವರೆಗೆ ಬಿಡಬಹುದು. ಇನ್ನು 10 ಉಳಿದಾಗ 10 ಆಂಪಿಯರ್ ಮಾತ್ರ. ಒಂದು ಉಳಿದಾಗ ಒಂದೇ. ಈ ಲೆಕ್ಕವನ್ನು ಮನಸ್ಸಿನಲ್ಲಿ ಬೆಳೆಸಿ ನೋಡಿರಿ. ಮೊದಲ ಅರ್ಧ ಥಟ್ಟನೆ ತುಂಬುತ್ತದೆ, ಕೊನೆಯ ಸ್ವಲ್ಪಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ನಮ್ಮ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ತಂಡ ಕಟ್ಟಿ 2001ರಲ್ಲಿ ಮಾರಾಟಕ್ಕೆ ತಂದ ರೇವಾ ಎಂಬ ಪುಟ್ಟ ಕಾರು ನೆನಪಿರಬಹುದು. ಅದರಲ್ಲಿದ್ದುದು ಇದೇ ಜಾತಿಯ 48 ವೋಲ್ಟಿನ ಸೀಸದ ಬ್ಯಾಟರಿ. ಎರಡೂವರೆ ಗಂಟೆಯಲ್ಲಿ ನೂರಕ್ಕೆ 80 ಪಾಲು ತುಂಬುತ್ತಿತ್ತು. ಪೂರ್ತಿಯಾಗಲು ಎಂಟು ಗಂಟೆ. ಕೊನೆಯ 20 ಪಾಲಿಗೆ ಐದೂವರೆ ಗಂಟೆ! ಇಂದಿಗೂ ಗಾಡಿ ಮಾರುವವರು "ಇಷ್ಟು ನಿಮಿಷದಲ್ಲಿ 80" ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಾರಲ್ಲವೇ, ಆ 80ರ ಗುಟ್ಟು ಇದು. ಬ್ಯಾಟರಿಯ ಜಾತಿ ಬದಲಾಗಿದೆ, ಗುಟ್ಟು ಬದಲಾಗಿಲ್ಲ.

ಸುಮಾರು 1970ರ ಹೊತ್ತಿಗೆ ಅಮೆರಿಕದಲ್ಲಿ ಜೋಸೆಫ್ ಮಾಸ್ ಎಂಬ ಸಂಶೋಧಕ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದನು. ಬ್ಯಾಟರಿ ನುಂಗಬಲ್ಲ ಪ್ರವಾಹ ಹೊತ್ತು ಹೋದಂತೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಅವನು ನಿಯಮ ಕಟ್ಟಿದನು. ಚಾರ್ಜು ಮಾಡುವ ನಡುವೆ ಕ್ಷಣಕಾಲ ನಿಲ್ಲಿಸಿ, ತುಸು ವಿದ್ಯುತ್ತನ್ನು ಹಿಂದಕ್ಕೆ ಎಳೆದರೆ ಬ್ಯಾಟರಿಯ ನುಂಗುವ ಶಕ್ತಿ ಮತ್ತೆ ಮೇಲೇಳುತ್ತದೆ ಎಂದೂ ತೋರಿಸಿದನು. ತುಂಬುವುದಕ್ಕಾಗಿ ತೆಗೆಯುವುದು ಎಂದರೆ ಹುಚ್ಚುತನವೆಂದು ತೋರುತ್ತದೆ. ಆದರೆ ಬೆಸ್ಟ್ ಬಸ್ಸಿನ ಕಂಡಕ್ಟರು ಮಾಡುವುದೂ ಇದನ್ನೇ ಅಲ್ಲವೇ? ಬಾಗಿಲಲ್ಲಿ ಗುಂಪು ಕಟ್ಟಿದರೆ ಇನ್ನಷ್ಟು ಜನರನ್ನು ನೂಕುವುದರಿಂದ ಪ್ರಯೋಜನವಿಲ್ಲ. ಒಂದು ಗಳಿಗೆ ತಡೆದು "ಪುಢೇ ಚಲಾ" ಎಂದು ಒಳಗಿನವರನ್ನು ಸರಿಸಿದ ಮೇಲೆ ಹೊಸಬರಿಗೆ ಜಾಗ. ಸೀಸಕ್ಕೂ ನಿಕಲ್-ಕ್ಯಾಡ್ಮಿಯಮ್ಮಿಗೂ ಈ ಯುಕ್ತಿ ಒಗ್ಗಿತು. ಲಿಥಿಯಂ ಬ್ಯಾಟರಿಗೆ ಇದರಿಂದ ಎಷ್ಟು ಲಾಭ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ.

ನಿಕಲ್-ಕ್ಯಾಡ್ಮಿಯಂ ಎಂದೆವು. ಇದು 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಕಂಡುಹಿಡಿದದ್ದು. 1947ರಲ್ಲಿ ನಾಯ್ಮನ್ ಎಂಬವನು ಇದರ ಒಳಗೆ ಹುಟ್ಟುವ ಆಮ್ಲಜನಕವನ್ನು ಒಳಗೇ ಜೀರ್ಣಿಸಿಕೊಳ್ಳುವಂತೆ ಮಾಡಿ, ಡಬ್ಬಿಯನ್ನು ಪೂರ್ತಿ ಮುಚ್ಚಿಬಿಟ್ಟನು. ಅದರಿಂದ ಒಂದು ಉಪಕಾರವಾಯಿತು. ತುಂಬಿದ ಗಳಿಗೆಯಲ್ಲಿ ಈ ಜೀರ್ಣಕ್ರಿಯೆಯಿಂದ ಕೋಶ ಬಿಸಿಯಾಗಿ ಅದರ ವೋಲ್ಟೇಜು ತುಸು ಕೆಳಗಿಳಿಯುತ್ತದೆ, ಒಂದು ವೋಲ್ಟಿನ ನೂರರಲ್ಲಿ ಒಂದೆರಡು ಪಾಲಿನಷ್ಟು. ಆ ಇಳಿತವನ್ನು ಹಿಡಿಯುವ ಚಾರ್ಜರು ಬಂದ ಮೇಲೆ ಗಂಟೆಯೊಳಗೆ ತುಂಬುವ ಕೈಯಂತ್ರಗಳು ಬಂದವು. ಬ್ಯಾಟರಿ ತಾನೇ "ಸಾಕು" ಎನ್ನುತ್ತದೆ, ಯಂತ್ರ ಕೇಳಿಸಿಕೊಳ್ಳುತ್ತದೆ.

ಇನ್ನು ಲಿಥಿಯಂ. ನಮ್ಮ ಮಾತಿನ ತಿರುಳು ಇಲ್ಲಿದೆ.

ಲಿಥಿಯಂ ಲೋಹಗಳಲ್ಲೆಲ್ಲ ಹಗುರ. 1970ರ ದಶಕದಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಇದರಿಂದ ತಿರುಗಿ ತುಂಬುವ ಬ್ಯಾಟರಿಯನ್ನು ಮಾಡಿದರು. 1980ರಲ್ಲಿ ಜಾನ್ ಗುಡಿನಫ್ ಕೋಬಾಲ್ಟಿನ ಸಂಯುಕ್ತವನ್ನು ಬಳಸಿ ವೋಲ್ಟೇಜನ್ನು ಏರಿಸಿದರು. ಆದರೆ ಇನ್ನೊಂದು ಕಡೆ ಲಿಥಿಯಂ ಲೋಹವನ್ನೇ ಇಟ್ಟರೆ, ಪ್ರತಿ ಸಲ ತುಂಬುವಾಗ ಅದು ಸಮನಾಗಿ ಕೂಡದೆ ಸೂಜಿ ಸೂಜಿಯಾಗಿ ಬೆಳೆದು ನಡುವಿನ ಪರದೆಯನ್ನು ಚುಚ್ಚಿ ಬೆಂಕಿ ಹೊತ್ತಿಸುತ್ತಿತ್ತು. 1989ರಲ್ಲಿ ಕೆನಡದ ಮೋಲಿ ಎನರ್ಜಿ ಕಂಪೆನಿ ಇದೇ ಕಾರಣಕ್ಕೆ ತನ್ನ ಬ್ಯಾಟರಿಗಳನ್ನು ಪೇಟೆಯಿಂದ ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಜಪಾನಿನ ಅಕಿರಾ ಯೋಶಿನೊ 1985ರಲ್ಲಿಯೇ ಇದಕ್ಕೆ ದಾರಿ ತೋರಿಸಿದ್ದರು: ಲೋಹದ ಬದಲು ಇಂಗಾಲವನ್ನು ಇಟ್ಟು, ಲಿಥಿಯಂ ಅಯಾನುಗಳು ಅದರ ಪದರಗಳೊಳಗೆ ಹೋಗಿ ಕೂಡುವಂತೆ ಮಾಡುವುದು. 1991ರಲ್ಲಿ ಸೋನಿ ಕಂಪೆನಿ ಇಂಥ ಬ್ಯಾಟರಿಯನ್ನು ಮಾರಾಟಕ್ಕೆ ಬಿಟ್ಟಿತು. ಈ ಮೂವರಿಗೂ 2019ರಲ್ಲಿ ನೊಬೆಲ್ ಬಹುಮಾನ ಬಂದಾಗ ಗುಡಿನಫ್ ಅವರಿಗೆ 97 ವರ್ಷ.

ಈ ಬ್ಯಾಟರಿಗೆ ಅವಸರ ಏಕೆ ಆಗದು? ದಾದರಿನಲ್ಲಿ ಸಂಜೆ ವಿರಾರ್ ಲೋಕಲ್ ಹತ್ತಿದವರಿಗೆ ಇದನ್ನು ಪುಸ್ತಕವಿಲ್ಲದೆ ತಿಳಿಸಬಹುದು. ಗ್ರಾಫೈಟಿನ ಪದರಗಳೇ ರೈಲಿನ ಡಬ್ಬಿ. ಲಿಥಿಯಂ ಅಯಾನುಗಳೇ ನಾವು. ಡಬ್ಬಿ ಖಾಲಿಯಿದ್ದಾಗ ಎಲ್ಲರೂ ಓಡಿ ಹೋಗಿ ಕೂಡಬಹುದು. ಅರ್ಧ ತುಂಬಿದ ಮೇಲೆ ಒಳಗೆ ಸರಿಯಲು ಹೊತ್ತು ಬೇಕು. ಮುಕ್ಕಾಲು ತುಂಬಿದ ಮೇಲೆಯೂ ಪ್ಲಾಟ್‌ಫಾರ್ಮಿನಿಂದ ಅದೇ ರಭಸದಲ್ಲಿ ನೂಕಿದರೆ ಏನಾಗುತ್ತದೆ? ಒಳಗೆ ಜಾಗವಿದ್ದರೂ ಜನ ಬಾಗಿಲಲ್ಲಿಯೇ ಜೋತು ಬೀಳುತ್ತಾರೆ. ಬ್ಯಾಟರಿಯಲ್ಲಿಯೂ ಹಾಗೆಯೇ. ಒಳಗೆ ಹೋಗಲಾರದ ಲಿಥಿಯಂ ಗ್ರಾಫೈಟಿನ ಹೊರಮೈಗೆ ಲೋಹವಾಗಿ ಅಂಟಿಕೊಳ್ಳುತ್ತದೆ. ಯೋಶಿನೊ ಹೊರಗೆ ಹಾಕಿದ ಲೋಹ ಹಿಂಬಾಗಿಲಿನಿಂದ ಮತ್ತೆ ಬಂದಂತಾಯಿತು. ಅದರ ಒಂದು ಪಾಲು ಹಿಂದಕ್ಕೆ ಬಾರದೆ ಸತ್ತುಹೋಗಿ ಬ್ಯಾಟರಿಯ ಹಿಡಿತ ಕುಗ್ಗುತ್ತದೆ; ಇನ್ನೊಂದು ಪಾಲು ಸೂಜಿಯಾಗಿ ಬೆಳೆಯಲು ಹವಣಿಸುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಗಾಡಿ ಓಡುತ್ತಲೇ ಇರುತ್ತದೆ.

ಆದುದರಿಂದ ಲಿಥಿಯಂ ಚಾರ್ಜರಿನಲ್ಲಿ ಎರಡು ಘಟ್ಟಗಳನ್ನು ಇಟ್ಟಿದ್ದಾರೆ. ಮೊದಲು ಒಂದೇ ಸಮನಾದ ಪ್ರವಾಹ. ಕೋಶದ ವೋಲ್ಟೇಜು 4.2ಕ್ಕೆ ಮುಟ್ಟಿದೊಡನೆ ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸಿ, ಪ್ರವಾಹ ತಾನಾಗಿ ಇಳಿಯುವಂತೆ ಬಿಡುವುದು. ಕಬ್ಬಿಣ-ಫಾಸ್ಫೇಟಿನ ಜಾತಿಗೆ ಈ ಮಿತಿ 3.65. ಸೀಸದ ಬ್ಯಾಟರಿ ಮಿತಿ ದಾಟಿದರೆ ಗುಳ್ಳೆ ಬಿಟ್ಟು ಎಚ್ಚರಿಸುತ್ತಿತ್ತು. ಲಿಥಿಯಂ ಹಾಗೆ ಎಚ್ಚರಿಸುವುದಿಲ್ಲ. ಚಾರ್ಜರು ಸರಿಯಾದ ಕಡೆ ನಿಲ್ಲದಿದ್ದರೆ ಕಾಯುವವರು ಬೇರೆ ಯಾರೂ ಇಲ್ಲ, ಒಳಗಿನ ಕಾವಲು ಯಂತ್ರವೊಂದನ್ನು ಬಿಟ್ಟು. ಅದರ ವಿಚಾರ ಮುಂದೆ ಬರುತ್ತದೆ.

ಶಾಖದ ಲೆಕ್ಕವನ್ನು ಈಗಲೇ ಮಾಡಿಬಿಡೋಣ. 2 ಕಿಲೋವಾಟ್-ಗಂಟೆಯ ಒಂದು ಸ್ಕೂಟರ್ ಬ್ಯಾಟರಿ ಇದೆ ಎನ್ನಿ. ಅದನ್ನು ನಾಲ್ಕು ಗಂಟೆಯಲ್ಲಿ ತುಂಬಿದರೆ 500 ವಾಟ್ ಸಾಕು, ಇಸ್ತ್ರಿ ಪೆಟ್ಟಿಗೆಗಿಂತ ಕಡಿಮೆ. ಅದನ್ನೇ 15 ನಿಮಿಷದಲ್ಲಿ ತುಂಬಬೇಕಾದರೆ ಪ್ರವಾಹ 16 ಪಟ್ಟು. ತಂತಿಯಲ್ಲಾಗಲಿ ಬ್ಯಾಟರಿಯಲ್ಲಾಗಲಿ ಶಾಖವು ಪ್ರವಾಹದ ವರ್ಗದಂತೆ ಏರುತ್ತದೆ. ಅಂದರೆ ಪ್ರತಿ ಕ್ಷಣದ ಶಾಖ 256 ಪಟ್ಟು. ಹೊತ್ತು ಹದಿನಾರರಲ್ಲಿ ಒಂದಾದ್ದರಿಂದ ಒಟ್ಟು ಶಾಖ 16 ಪಟ್ಟಾಯಿತು, ಅದೂ ಕಾಲು ಗಂಟೆಯೊಳಗೆ, ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ. ಇದಕ್ಕೆ ಬೇಕಾದ ಶಕ್ತಿ 8 ಕಿಲೋವಾಟ್. 230 ವೋಲ್ಟಿನಲ್ಲಿ ಸುಮಾರು 35 ಆಂಪಿಯರ್. ಚಾಳಿನ ಗೋಡೆಯ ಮೇಲಿರುವ ಸಣ್ಣ ಪ್ಲಗ್ಗು 6 ಆಂಪಿಯರಿನದು, ದೊಡ್ಡದು 16ರದು. ಹಾಗಾಗಿ "ಮನೆಯಲ್ಲಿಯೇ ಹದಿನೈದು ನಿಮಿಷದಲ್ಲಿ ತುಂಬಿರಿ" ಎಂದು ಯಾರಾದರೂ ಚಾರ್ಜರು ಮಾರಲು ಬಂದರೆ, ಅವನಿಗೆ ಚಹಾ ಕೊಟ್ಟು ಕಳಿಸಿಬಿಡಿ.

ಕೋಶದೊಳಗೆ ಶಾಖ ಸುಮಾರು 100 ಡಿಗ್ರಿಯ ಆಚೀಚೆ ಏರಿದರೆ ಗ್ರಾಫೈಟಿನ ಮೇಲಿನ ರಕ್ಷಕ ಪೊರೆ ಕರಗತೊಡಗುತ್ತದೆ. ಅದು ತಾನೇ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತದೆ. ಸುಮಾರು 130ಕ್ಕೆ ನಡುವಿನ ಪ್ಲಾಸ್ಟಿಕ್ ಪರದೆ ಮೆತ್ತಗಾಗುತ್ತದೆ. ಇನ್ನೂ ಏರಿದರೆ ಕೋಬಾಲ್ಟ್, ನಿಕಲ್ ಜಾತಿಯ ಫಲಕಗಳು ಆಮ್ಲಜನಕವನ್ನು ಬಿಡುತ್ತವೆ. ಉರಿಯುವ ದ್ರವವೂ ಒಳಗಿದೆ, ಉರಿಸುವ ಗಾಳಿಯೂ ಒಳಗಿದೆ; ಈ ಕಾರಣದಿಂದಲೇ ಕಂಬಳಿ ಮುಚ್ಚಿ ಆರಿಸುವ ಬೆಂಕಿ ಇದಲ್ಲ. ಬೇಕಾದದ್ದು ತಣ್ಣಗಾಗಿಸಲು ಧಾರಾಳ ನೀರು. ಆದರೆ ಆ ಕೆಲಸ 101ಕ್ಕೆ ಕರೆದರೆ ಬರುವ ಅಗ್ನಿಶಾಮಕ ದಳದವರದು, ನಮ್ಮದಲ್ಲ. ನಮ್ಮ ಕೆಲಸ ಮಕ್ಕಳನ್ನು ಎತ್ತಿಕೊಂಡು, ಬಾಗಿಲೆಳೆದು ಹೊರಬೀಳುವುದು.

ಇಷ್ಟು ತೊಡಕುಗಳಿದ್ದರೂ ಜನ ಕೈಕಟ್ಟಿ ಕೂಡಲಿಲ್ಲ. ಮೊದಲನೆಯ ದಾರಿ, ಡಬ್ಬಿಯ ಬಾಗಿಲನ್ನು ದೊಡ್ಡದು ಮಾಡುವುದು: ಫಲಕಗಳನ್ನು ತೆಳ್ಳಗೆ ಮಾಡಿ ಅಯಾನು ನಡೆಯುವ ದೂರವನ್ನು ಕಡಿಮೆ ಮಾಡುವುದು. ಬೇಗ ತುಂಬುತ್ತದೆ, ಆದರೆ ಅಷ್ಟೇ ತೂಕದಲ್ಲಿ ಹಿಡಿಯುವ ವಿದ್ಯುತ್ತು ಕಡಿಮೆ. ಎರಡನೆಯದು, ಗ್ರಾಫೈಟನ್ನೇ ಬಿಟ್ಟು ಲಿಥಿಯಂ ಟೈಟನೇಟ್ ಎಂಬುದನ್ನು ಇಡುವುದು. ಇದರ ವಿದ್ಯುತ್ ಮಟ್ಟ ಲಿಥಿಯಂ ಲೋಹದ ಮಟ್ಟದಿಂದ ಒಂದೂವರೆ ವೋಲ್ಟಿನಷ್ಟು ಮೇಲಿರುವುದರಿಂದ ಎಷ್ಟೇ ನೂಕಿದರೂ ಲೋಹ ಹೊರಗೆ ಅಂಟುವ ಭಯ ಬಹುಮಟ್ಟಿಗೆ ಇಲ್ಲ. ತೋಶಿಬಾ ಕಂಪೆನಿ 2008ರಲ್ಲಿ ಇದನ್ನು ಪೇಟೆಗೆ ತಂದಿತು. ಕೊರತೆ ಏನೆಂದರೆ, ಆ ಒಂದೂವರೆ ವೋಲ್ಟ್ ನಮ್ಮ ಲೆಕ್ಕದಿಂದಲೇ ಹೋಯಿತು. ಅದೇ ದೂರ ಓಡಲು ಹೆಚ್ಚು ತೂಕ, ಹೆಚ್ಚು ಬೆಲೆ. ಬಸ್ಸಿಗೆ ಹೊಂದಬಹುದು, ಮೂರು ಮಹಡಿ ಹೊತ್ತು ಏರುವವನಿಗೆ ಹೊಂದಲಾರದು.

ಮೂರನೆಯ ದಾರಿ ಶಾಖದ ಆಟ. ಇದು ನಮಗೆ ಬಹಳ ಸೊಗಸಾಗಿ ಕಂಡಿತು. ಬ್ಯಾಟರಿ ಬೆಚ್ಚಗಿದ್ದರೆ ಅಯಾನುಗಳು ಚುರುಕಾಗಿ ಒಳಗೆ ಸರಿಯುತ್ತವೆ, ತಣ್ಣಗಿದ್ದರೆ ಬಾಗಿಲಲ್ಲಿ ನಿಲ್ಲುತ್ತವೆ. ಸೊನ್ನೆ ಡಿಗ್ರಿಯ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜು ಮಾಡಕೂಡದೆಂಬುದು ಇದೇ ಕಾರಣಕ್ಕೆ. ನಮ್ಮ ಮುಂಬಯಿಗೆ ದೇವರ ದಯೆಯಿಂದ ಆ ಚಿಂತೆಯಿಲ್ಲ. 2019ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ಚಾವೊ-ಯಾಂಗ್ ವಾಂಗ್ ಮತ್ತು ಸಂಗಡಿಗರು ಕೋಶವನ್ನು ಬೇಕೆಂದೇ 60 ಡಿಗ್ರಿಗೆ ಬಿಸಿ ಮಾಡಿ, ಹತ್ತು ನಿಮಿಷದಲ್ಲಿ ತುಂಬಿ, ಕೂಡಲೇ ತಣಿಸುವ ವಿಧಾನವನ್ನು ತೋರಿಸಿದರು. ಶಾಖ ಕೆಟ್ಟದ್ದು ನಿಜ, ಆದರೆ ಬಹಳ ಹೊತ್ತು ಉಳಿದರೆ ಮಾತ್ರ ಎಂಬುದು ಅವರ ವಾದ. ನಮ್ಮ ಬೆಂಗಳೂರಿನಲ್ಲಿ 2020ರಲ್ಲಿ ಹುಟ್ಟಿದ ಎಕ್ಸ್‌ಪೋನೆಂಟ್ ಎನರ್ಜಿ ಎಂಬ ಕಂಪೆನಿಯವರು ಇನ್ನೊಂದು ಬಗೆ ಹಿಡಿದರು. ಅವರ ಚಾರ್ಜಿಂಗ್ ಯಂತ್ರ ಗಾಡಿಗೆ ವಿದ್ಯುತ್ತಿನ ಜೊತೆಗೆ ತಣ್ಣೀರನ್ನೂ ಹರಿಸುತ್ತದೆ. ತಣಿಸುವ ಯಂತ್ರವನ್ನು ಗಾಡಿ ಹೊತ್ತು ತಿರುಗಬೇಕಾಗಿಲ್ಲ. ಅದು ನಿಲ್ದಾಣದಲ್ಲಿಯೇ ಇರುತ್ತದೆ. 15 ನಿಮಿಷದಲ್ಲಿ ಸರಕಿನ ಮೂರು ಗಾಲಿ ಗಾಡಿ ತುಂಬಿ ಹೊರಡುತ್ತದೆಂದು ಅವರು ಹೇಳುವುದು ಈ ಉಪಾಯದ ಬಲದಿಂದ. ಭಾರವನ್ನು ಬಡಪಾಯಿ ಗಾಡಿಯಿಂದ ಇಳಿಸಿ ಶಾಶ್ವತವಾಗಿ ನಿಂತ ಯಂತ್ರದ ಮೇಲೆ ಹಾಕಿದ್ದಾರೆ. ಕಾರ್ಮಿಕ ಸಂಘದವರಿಗೆ ಈ ನ್ಯಾಯ ಒಪ್ಪಿಗೆಯಾಗದೆ ಇರಲಾರದು.

ನಾಲ್ಕನೆಯದು, ಚಾರ್ಜು ಮಾಡುವುದನ್ನೇ ಬಿಟ್ಟುಬಿಡುವುದು. ಖಾಲಿ ಬ್ಯಾಟರಿಯನ್ನು ಕೊಟ್ಟು ತುಂಬಿದ್ದನ್ನು ತೆಗೆದುಕೊಂಡು ಎರಡು ನಿಮಿಷದಲ್ಲಿ ಹೊರಟುಬಿಡುವುದು. ಇದು ಹೊಸತೇನಲ್ಲ. ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದ ವಿದ್ಯುತ್ ಕಂಪೆನಿ 1912ರ ಹೊತ್ತಿಗೇ ಟ್ರಕ್ಕುಗಳಿಗೆ ಇಂಥ ಅದಲುಬದಲಿನ ಏರ್ಪಾಡು ಮಾಡಿತ್ತು. ರೇವಾ ಕಾರಿನ ಚೇತನ್ ಮೈನಿಯವರು 2017ರಲ್ಲಿ ಸನ್ ಮೊಬಿಲಿಟಿ ಎಂಬ ಕಂಪೆನಿಯನ್ನು ಕಟ್ಟಿದ್ದು ಇದೇ ಉದ್ದೇಶಕ್ಕೆ. ಇದರಲ್ಲಿ ಬ್ಯಾಟರಿಯನ್ನು ಆತುರದಿಂದ ತುಂಬಬೇಕಾಗಿಲ್ಲ, ಅದು ಯಾರ ತಲೆದಿಂಬಿನ ಬಳಿಯೂ ಇರುವುದಿಲ್ಲ. ಖೋಲಿಯಲ್ಲಿ ವಾಸಿಸುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಂದು ಇಲ್ಲವೆಂದೇ ನಮ್ಮ ಅಭಿಪ್ರಾಯ. ಆದರೆ ಒಬ್ಬನ ಬ್ಯಾಟರಿ ಇನ್ನೊಬ್ಬನ ಗಾಡಿಗೆ ಕೂಡುವುದಿಲ್ಲ. ಒಂದು ಕಂಪೆನಿಯ ಬಲೆಗೆ ಬಿದ್ದವನು ಅದರ ದರಕ್ಕೇ ತಲೆಬಾಗಬೇಕು. 2022ರಲ್ಲಿ ನೀತಿ ಆಯೋಗ ಬ್ಯಾಟರಿ ಬದಲಾವಣೆಗೆ ಒಂದು ಕರಡು ನೀತಿಯನ್ನು ಹೊರಡಿಸಿದ್ದು ಇಂಥ ತೊಡಕುಗಳನ್ನು ಬಿಡಿಸುವುದಕ್ಕಾಗಿಯೇ. ಚಾರ್ಜಿಂಗಿನ ಕೊಂಡಿಯ ವಿಷಯದಲ್ಲಿ ಸ್ವಲ್ಪ ಒಳ್ಳೆಯ ಸುದ್ದಿಯಿದೆ. ಬೆಂಗಳೂರಿನ ಏಥರ್ ಕಂಪೆನಿ ತನ್ನ ಕೊಂಡಿಯ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು; 2023ರಲ್ಲಿ ಭಾರತೀಯ ಮಾನಕ ಸಂಸ್ಥೆ ಅದರ ಆಧಾರದ ಮೇಲೆ ಲಘು ವಾಹನಗಳಿಗೆ ಮಾನಕವನ್ನು ಹೊರಡಿಸಿತು.

ಕಾವಲು ಯಂತ್ರವೆಂದೆವಲ್ಲ, ಅದನ್ನು ಬಿ.ಎಂ.ಎಸ್. ಎನ್ನುತ್ತಾರೆ. ಸ್ಕೂಟರಿನ ಬ್ಯಾಟರಿ ಒಂದೇ ಬ್ಯಾಟರಿಯಲ್ಲ, ಹತ್ತಾರು ಕೋಶಗಳ ಸಾಲು. ಎಲ್ಲವೂ ಒಂದೇ ತಾಯಿಯ ಮಕ್ಕಳಾದರೂ ಒಂದೇ ಶಕ್ತಿಯವಲ್ಲ. ಒಂದು ಕೋಶ ಬಡವಾಗಿದ್ದರೆ ಅದು ಎಲ್ಲರಿಗಿಂತ ಮೊದಲು ತುಂಬಿಬಿಡುತ್ತದೆ. ಉಳಿದವರಿಗಾಗಿ ಚಾರ್ಜು ನಡೆಯುತ್ತಲೇ ಇದ್ದರೆ ಅದರ ಹೊಟ್ಟೆ ಒಡೆಯುತ್ತದೆ. ಕಾವಲು ಯಂತ್ರ ಒಂದೊಂದರ ವೋಲ್ಟೇಜನ್ನೂ ಶಾಖವನ್ನೂ ನೋಡುತ್ತ, ಮಿತಿ ದಾಟಿದರೆ ಸಂಪರ್ಕ ಕಡಿಯುತ್ತದೆ. ವೇಗದ ಚಾರ್ಜಿಂಗಿನ ಬಗ್ಗೆ ಇಷ್ಟು ಹೊತ್ತು ಹೇಳಿದ ಯುಕ್ತಿಗಳೆಲ್ಲ ಈ ಕಾವಲುಗಾರನ ಎಚ್ಚರದ ಮೇಲೆ ನಿಂತಿವೆ. ಅಗ್ಗದ ಬ್ಯಾಟರಿಯಲ್ಲಿ ಮೊದಲು ಕಡಿತವಾಗುವುದೂ ಇವನ ಸಂಬಳವೇ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ತೋರಿಸುತ್ತೇವೆ, ದಯವಿಟ್ಟು ಗಮನ ಕೊಡಿ. ಸೀಸದ 48 ವೋಲ್ಟ್ ಬ್ಯಾಟರಿಯಲ್ಲಿ 24 ಕೋಶಗಳು. ಅದರ ಚಾರ್ಜರು 2.4ರಂತೆ 57.6 ವೋಲ್ಟಿನವರೆಗೆ ಏರುತ್ತದೆ. ಲಿಥಿಯಂನ 48 ವೋಲ್ಟ್ ಬ್ಯಾಟರಿಯಲ್ಲಿ ಅನೇಕ ವೇಳೆ 13 ಕೋಶಗಳ ಸಾಲು; ಅದರ ಮಿತಿ 4.2ರಂತೆ 54.6. ಎರಡರ ಮೇಲೂ "48 ವೋಲ್ಟ್" ಎಂದೇ ಬರೆದಿರುತ್ತದೆ. ಹಳೆಯ ಸೀಸದ ಚಾರ್ಜರನ್ನು ಹೊಸ ಲಿಥಿಯಂ ಬ್ಯಾಟರಿಗೆ ಚುಚ್ಚಿದರೆ ಒಂದೊಂದು ಕೋಶದ ಮೇಲೆ 4.43 ವೋಲ್ಟ್ ಬೀಳುತ್ತದೆ. ಕಾವಲುಗಾರ ಎಚ್ಚರವಿದ್ದರೆ ಬದುಕಿದಿರಿ. ಇಲ್ಲದಿದ್ದರೆ ಅದು ವೇಗದ ಚಾರ್ಜಿಂಗ್ ಅಲ್ಲ, ಬೇರೆಯೇ ಏನೋ. "ಪಿನ್ನು ಕೂಡುತ್ತದೆ, ಚಾರ್ಜೂ ಆಗುತ್ತದೆ, ಇನ್ನೇನು" ಎಂದು ಪೇಟೆಯಲ್ಲಿ ಮಾರುವವನು ಹೇಳುವ ಮಾತು ಇಂಥದು.

ಸರಕಾರ ಸುಮ್ಮನಿರಲಿಲ್ಲವೆಂಬುದನ್ನೂ ಹೇಳಬೇಕು. 2022ರಲ್ಲಿ ದೇಶದ ಹಲವು ಕಡೆ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಎ.ಐ.ಎಸ್.-156 ಎಂಬ ಮಾನಕವನ್ನು ಬಿಗಿ ಮಾಡಿ, 2022ರ ಡಿಸೆಂಬರ್ 1ರಿಂದ ಒಂದು ಕಂತು, 2023ರ ಮಾರ್ಚ್ 31ರಿಂದ ಇನ್ನೊಂದು ಕಂತಿನಲ್ಲಿ ಜಾರಿಗೆ ತಂದರು. ಚಾರ್ಜರು ತುಂಬಿದೊಡನೆ ತಾನೇ ನಿಲ್ಲಬೇಕು. ಪ್ರತಿ ಸಲ ಮೆಲ್ಲನೆ ಆರಂಭಿಸಬೇಕು. ತೀರ ಬರಿದಾದ ಬ್ಯಾಟರಿಯನ್ನು ಗುರುತಿಸಿ ಮೊದಲು ತುಸುವೇ ಉಣಿಸಿ ನೋಡಬೇಕು. ಹಸಿದು ಬಿದ್ದವನಿಗೆ ಒಮ್ಮೆಲೇ ಊಟ ಬಡಿಸದೆ ಗಂಜಿ ಕೊಟ್ಟಂತೆ. ಕೋಶಗಳ ನಡುವೆ ಅಂತರವಿರಬೇಕು, ಅನಿಲ ಹೊರಬೀಳಲು ದಾರಿಯಿರಬೇಕು, ಶಾಖ ಮಿತಿ ಮೀರಿದರೆ ಸವಾರನಿಗೆ ಎಚ್ಚರಿಕೆ ಸಿಕ್ಕಬೇಕು. ಒಳ್ಳೆಯ ನಿಯಮಗಳು. ಆದರೆ 250 ವಾಟಿಗಿಂತ ಕಡಿಮೆಯ, ಗಂಟೆಗೆ 25 ಕಿಲೋಮೀಟರಿನೊಳಗೆ ಓಡುವ ಗಾಡಿ, ಪರೀಕ್ಷಾ ಸಂಸ್ಥೆ ಹಾಗೆಂದು ದೃಢಪಡಿಸಿದ್ದಾದರೆ, ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ ಅಲ್ಲ. ಲೈಸೆನ್ಸು ಬೇಡ, ನೋಂದಣಿ ಬೇಡ. ಅದಕ್ಕಾಗಿಯೇ ನಮ್ಮ ಹುಡುಗರು ಅದನ್ನು ಕೊಳ್ಳುತ್ತಾರೆ, ಬಾಡಿಗೆಗೆ ಹಿಡಿಯುತ್ತಾರೆ. ಅತ್ಯಂತ ಹೆಚ್ಚು ದುಡಿಯುವ, ದಿನಕ್ಕೆರಡು ಸಲ ತುಂಬಿಸಬೇಕಾದ ಬ್ಯಾಟರಿ ಅತ್ಯಂತ ಕಡಿಮೆ ಕಾವಲಿರುವ ಗಾಡಿಯಲ್ಲಿದೆ.

ಬೆಸ್ಟಿನ ಕಡೆ ನೋಡಿದರೆ ಕೆಲಸ ಹೇಗೆ ಆಗಬೇಕೆಂಬುದು ಕಾಣುತ್ತದೆ. 1907ರಿಂದ 1964ರವರೆಗೆ ಈ ನಗರದಲ್ಲಿ ವಿದ್ಯುತ್ತಿನ ಟ್ರಾಮುಗಳು ಓಡಿದವು, ತಲೆಯ ಮೇಲಿನ ತಂತಿಯಿಂದ. 2017ರಲ್ಲಿ ಬ್ಯಾಟರಿಯ ಬಸ್ಸು ಬಂತು. 2023ರ ಫೆಬ್ರವರಿಯಲ್ಲಿ ಬ್ಯಾಟರಿಯ ಡಬಲ್ ಡೆಕ್ಕರ್ ರಸ್ತೆಗಿಳಿಯಿತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಮನೆ ಸೇರಿತು. ಈ ಬಸ್ಸುಗಳ ಬ್ಯಾಟರಿಯನ್ನು ಡ್ರೈವರನು ಮನೆಗೆ ಹೊತ್ತೊಯ್ಯುತ್ತಾನೆಯೇ? ಡಿಪೋದಲ್ಲಿ ಅದಕ್ಕೆಂದೇ ಬೇರೆ ತಂತಿ, ಬೇರೆ ಯಂತ್ರ, ನೋಡಿಕೊಳ್ಳುವ ಜನ. ಬಸ್ಸಿಗೆ ಒಂದು ನ್ಯಾಯ, ತಿಂಡಿ ಹೊರುವವನಿಗೆ ಇನ್ನೊಂದು ಏಕೆ? ಅವನ ಓಟದಿಂದ ಲಾಭ ಪಡೆಯುವವರು ಬ್ಯಾಟರಿ ತುಂಬುವ ಜಾಗವನ್ನೂ ಒದಗಿಸಬೇಕೆಂದು ಕೇಳುವುದು ದುಬಾರಿ ಬೇಡಿಕೆಯಲ್ಲ.

2019ರಲ್ಲಿ ಕೇಂದ್ರ ಸರಕಾರ ಮಾದರಿ ಕಟ್ಟಡ ಉಪವಿಧಿಗಳನ್ನು ತಿದ್ದಿ, ವಾಹನ ನಿಲುಗಡೆಯ ನೂರರಲ್ಲಿ 20 ಪಾಲಿಗೆ ಚಾರ್ಜಿಂಗಿನ ಅನುಕೂಲವಿರಬೇಕೆಂದು ಸೂಚಿಸಿತು. ಗೋಪುರಗಳಿಗೆ ಅದು ಸರಿ. ಸಾಕಿನಾಕಾದ ಚಾಳಿಗೆ ನಿಲುಗಡೆಯೇ ಇಲ್ಲ. ಸೊನ್ನೆಯ 20 ಪಾಲು ಎಷ್ಟು? ಹಾಗಾಗಿ ನಮ್ಮ ಸಲಹೆ ಹೀಗಿದೆ. ಪ್ರತಿ ಚಾಳಿನವರು, ಹಳೆಯ ಸೊಸೈಟಿಯವರು ಸೇರಿ, ಕೆಳಗಿನ ಅಂಗಳದ ಒಂದು ಗೋಡೆಯ ಬಳಿ, ಮೆಟ್ಟಿಲಿಗೆ ದೂರವಾಗಿ, ಮಳೆ ಬೀಳದಂತೆ ಶೀಟು ಹೊದಿಸಿದ ಒಂದು ಬೀಗದ ಜಾಗ ಮಾಡಿಕೊಳ್ಳಬೇಕು. ಪ್ರತ್ಯೇಕ ಮೀಟರು, 16 ಆಂಪಿಯರ್ ಪ್ಲಗ್ಗು, ಎಂ.ಸಿ.ಬಿ., ಸೋರಿಕೆಯನ್ನು ಹಿಡಿಯುವ ಸ್ವಿಚ್ಚು, ಸರಿಯಾದ ಭೂಸಂಪರ್ಕ. ಮೆಟ್ಟಿಲ ಕೆಳಗೆ ಮಾತ್ರ ಬೇಡವೇ ಬೇಡ. ಬೆಂಕಿ ಬಿದ್ದರೆ ಇಡೀ ಚಾಳು ಇಳಿಯಬೇಕಾದ ದಾರಿ ಅದು. ಸಂಘದಲ್ಲಿರುವ ಇಲೆಕ್ಟ್ರಿಕ್ ಕೆಲಸದ ಬಂಧುಗಳು ಅಂದಾಜುಪಟ್ಟಿ ಮಾಡಿಕೊಡಲು ಒಪ್ಪಿದ್ದಾರೆ. ಅರ್ಜಿಯನ್ನು ಮರಾಠಿಯಲ್ಲಿ ಬರೆದುಕೊಡುವ ಹೊಣೆ ಕಾರ್ಯಾಲಯದ್ದು.

ಅದು ಆಗುವವರೆಗೆ ಕೆಲವು ಮಾತು. ಗಾಡಿ ಓಡಿಸಿ ಬಂದ ಕೂಡಲೇ, ಅದರಲ್ಲೂ ಮೇ ತಿಂಗಳ ಬಿಸಿಲಿನಲ್ಲಿ, ಚಾರ್ಜಿಗೆ ಹಾಕಬೇಡಿ. ಬ್ಯಾಟರಿಯನ್ನು ಮುಟ್ಟಿ ನೋಡಿ ತಣ್ಣಗಾದ ಮೇಲೆ ಹಾಕಿ. ಮಳೆಯಲ್ಲಿ ನೆನೆದ ಪಿನ್ನನ್ನು ಒರೆಸಿ ಒಣಗಿಸಿ. ಉಬ್ಬಿದ, ಬಿದ್ದು ಜಜ್ಜಿದ, ವಿಚಿತ್ರ ವಾಸನೆ ಬರುವ ಬ್ಯಾಟರಿಗೆ ಇನ್ನೊಂದು ಅವಕಾಶ ಕೊಡಬೇಡಿ. ಹಾಸಿಗೆಯ ಮೇಲೆ, ಬಾಗಿಲ ಅಡ್ಡಕ್ಕೆ ಇಡಬೇಡಿ. ಎಚ್ಚರವಿರುವ ಹೊತ್ತಿನಲ್ಲಿ ತುಂಬಿಸಿ. ಎಲ್ಲರೂ ಮಲಗಿದ ಮೇಲೆ ಬೇಡ. ದಿನದ ಓಟಕ್ಕೆ 80 ಪಾಲು ಸಾಕಾಗುವುದಾದರೆ ಅಲ್ಲಿಗೇ ತೆಗೆದುಬಿಡಿ. ಹೊತ್ತೂ ಉಳಿಯಿತು, ಬ್ಯಾಟರಿಯ ಆಯುಷ್ಯವೂ ಉಳಿಯಿತು.

ಮುಂಚೆಯೇ ತಿಳಿಸಿದಂತೆ ಕೆಲವರು ತಮ್ಮ ಚಾರ್ಜರುಗಳನ್ನು ತಂದಿದ್ದೀರಿ. ಈಗ ಅವನ್ನು ಮೇಜಿನ ಮೇಲೆ ಇಡಿರಿ. ಬೆನ್ನ ಮೇಲಿನ ಚೀಟಿಯಲ್ಲಿ 'ಔಟ್‌ಪುಟ್' ಎಂಬ ಸಾಲಿನ ಎದುರು ಎಷ್ಟು ವೋಲ್ಟ್ ಎಂದಿದೆ, ನಿಮ್ಮ ಬ್ಯಾಟರಿಯ ಮೇಲೆ ಎಷ್ಟು ಎಂದಿದೆ, ಎರಡನ್ನೂ ಒಂದೊಂದಾಗಿ ಓದಿ ನೋಡೋಣ. ಚೀಟಿಯೇ ಇಲ್ಲದ ಚಾರ್ಜರು ಯಾರ ಬಳಿ ಇದೆಯೋ ಅವರು ಮೊದಲು ಮುಂದೆ ಬರಬೇಕು.